ಎರಡು ಕಪ್ ಗೆದ್ದ ತಂಡ ಏಳು ಕೂಟಗಳಲ್ಲಿ ಸೋತಿದ್ದು ಏಕೆ?

ಪ್ರಶ್ನೆ: ಸರ್, ನಾನು ಕುಂದಾಪುರ ತಾಲ್ಲೂಕಿನ ಒಂದು ಹಳ್ಳಿಯ ಕ್ರಿಕೆಟ್ ಕ್ಲಬ್ಬಿನ ಕಾರ್ಯದರ್ಶಿ. ಕ್ಲಬ್ ಶುರುವಾಗಿ 18 ವರ್ಷ ಆಯ್ತು. ಟೆನಿಸ್ ಬಾಲ್ ಆಡುತ್ತೇವೆ. ಈ ಸಲ ನವೆಂಬರ್, ಡಿಸೆಂಬರ್‌ನಲ್ಲಿ ಮೂರು ಕೂಟ ಆಡಿದೆವು. ಎರಡರಲ್ಲಿ ಕಪ್ ನಮ್ಮದು, ಒಂದರಲ್ಲಿ ರನ್ನರ್ಸ್. ಊರಲ್ಲಿ ಮೆರವಣಿಗೆ ಮಾಡಿದರು. ಜನವರಿಯಿಂದ ಮಾರ್ಚ್ ಮಧ್ಯದವರೆಗೆ ಏಳು ಕೂಟ ಆಡಿದೆವು. ನಾಲ್ಕರಲ್ಲಿ ಮೊದಲ ಪಂದ್ಯಕ್ಕೇ ಮನೆಗೆ, ಮೂರರಲ್ಲಿ ಎರಡನೇ ಪಂದ್ಯಕ್ಕೆ ಮನೆಗೆ. ನಾಯಕನನ್ನು ಎರಡು ಸಲ ಬದಲಿಸಿದೆವು. ಜನವರಿಯಲ್ಲಿ ಹೊಸ ನೀಲಿ ಜೆರ್ಸಿ ಹಾಕಿದ ಮೇಲೆ ಹೀಗಾಯ್ತು, ಅದನ್ನು ಬಿಟ್ಟುಬಿಡಿ ಅಂತ ಕೆಲವರು ಹೇಳುತ್ತಾರೆ. ಫೆಬ್ರವರಿಯಲ್ಲಿ ನಾವೇ ಹೊನಲು ಬೆಳಕಿನ ಪಂದ್ಯಾಟ ನಡೆಸಿದೆವು. 16 ತಂಡ ಎಣಿಸಿದ್ದೆವು, ಬಂದಿದ್ದು 11. ಈಗ 62,000 ರೂಪಾಯಿ ಸಾಲ ಇದೆ. ಮುಂದಿನ ವರ್ಷ ಪ್ರತಿ ಕೂಟಕ್ಕೂ ಹೊರಗಿನ ಮೂವರು ಅತಿಥಿ ಆಟಗಾರರನ್ನು ತರೋಣ ಅಂತ ಹಿರಿಯರು. ಲೆದರ್ ಬಾಲ್‌ಗೆ ಹೋಗೋಣ ಅಂತ ಕಾಲೇಜು ಹುಡುಗರು. ಒಂದು ವರ್ಷ ನಿಲ್ಲಿಸಿಬಿಡೋಣ ಅಂತ ನನಗೇ ಅನ್ನಿಸುತ್ತಿದೆ. ಏನು ಮಾಡಲಿ? ಇನ್ನೊಂದು, ನಮ್ಮ ವೇಗದ ಬೌಲರ್ ಹುಡುಗನಿಗೆ 17 ವರ್ಷ. ಜನವರಿಯಿಂದ ಸೊಂಟ ನೋವು ಅನ್ನುತ್ತಾನೆ. ಸ್ಪ್ರೇ ಹೊಡೆದು, ಮಾತ್ರೆ ತಿಂದು ಹಾಕುತ್ತಿದ್ದಾನೆ. ಸ್ಕೋರ್ ಪುಸ್ತಕದ ಫೋಟೋಗಳನ್ನು ಕಳಿಸಿದ್ದೇನೆ.

ಉತ್ತರ: ಕಾರ್ಯದರ್ಶಿಗಳೇ, ನೀವು ಕೊನೆಗೆ ಬರೆದ ವಿಷಯದಿಂದಲೇ ಶುರು ಮಾಡುತ್ತೇನೆ. ಆ ಹುಡುಗ ಇವತ್ತಿನಿಂದ ಒಂದು ಚೆಂಡೂ ಹಾಕಬಾರದು. ಮುಂದಿನ ಭಾನುವಾರ ಎಂಥ ದೊಡ್ಡ ಕೂಟ ಇದ್ದರೂ ಬೇಡ. ಈ ವಾರದಲ್ಲೇ ಅವನನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಏಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತಿದ್ದೇನೆ ಅನ್ನೋದನ್ನು ಮುಂದೆ ವಿವರವಾಗಿ ಬರೆದಿದ್ದೇನೆ. ಇಡೀ ಪತ್ರ ಓದಲು ಸಮಯ ಇಲ್ಲದಿದ್ದರೂ ಇದೊಂದನ್ನು ಮಾಡಿ.

ಈಗ ತಂಡದ ಮಾತು. ನೀವು ಕೇಳಿದ್ದು ನಿಜವಾಗಿ ಎರಡು ಪ್ರಶ್ನೆ. ನಮ್ಮ ತಂಡ ಕೆಟ್ಟುಹೋಯಿತಾ ಅನ್ನೋದು ಒಂದು. ಮುಂದಿನ ವರ್ಷ ಏನು ಮಾಡಬೇಕು ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ತಪ್ಪು ಉತ್ತರ ಸಿಕ್ಕರೆ ಎರಡನೆಯದೂ ತಪ್ಪುತ್ತದೆ. 22 ವರ್ಷದಿಂದ ಕರಾವಳಿ ಮತ್ತು ಮಲೆನಾಡಿನ ಹಳ್ಳಿ ತಂಡಗಳಿಗೆ ತರಬೇತಿ ಕೊಡುತ್ತಿದ್ದೇನೆ. ಒಳ್ಳೆಯ ಕ್ಲಬ್ಬುಗಳು ಸೋತಿದ್ದಕ್ಕಿಂತ, ಸೋತಿದ್ದಕ್ಕೆ ಇಲ್ಲದ ಕಾರಣ ಹುಡುಕಿ ಒಡೆದುಹೋಗಿದ್ದನ್ನೇ ಜಾಸ್ತಿ ನೋಡಿದ್ದೇನೆ.

ನೀವು ಕಳಿಸಿದ ಪುಟಗಳನ್ನೆಲ್ಲ ಕೂಡಿಸಿ ನೋಡಿದೆ. ಮೊದಲ ಮೂರು ಕೂಟಗಳಲ್ಲಿ 12 ಪಂದ್ಯ, 11 ಗೆಲುವು. ಆಮೇಲಿನ ಏಳು ಕೂಟಗಳಲ್ಲಿ 10 ಪಂದ್ಯ, 3 ಗೆಲುವು. ಒಟ್ಟು 22ರಲ್ಲಿ 14. ಅಂದರೆ ನೂರಕ್ಕೆ 64. ಇದು ಕೆಟ್ಟ ತಂಡದ ಲೆಕ್ಕ ಅಲ್ಲವೇ ಅಲ್ಲ. ಇಷ್ಟೇ ಗೆಲುವು, ಇಷ್ಟೇ ಸೋಲು ಸೀಸನ್ ಉದ್ದಕ್ಕೂ ಬೆರೆತು ಬಂದಿದ್ದರೆ ನೀವು ನನಗೆ ಪತ್ರ ಬರೆಯುತ್ತಿರಲಿಲ್ಲ. ಗೆಲುವೆಲ್ಲ ಮೊದಲು ಬಂತು, ಸೋಲೆಲ್ಲ ಆಮೇಲೆ ಬಂತು. ಅದಕ್ಕೇ ಊರಿಗೆ ಊರೇ ಬೇಜಾರಾಗಿದೆ.

ನಮ್ಮ ಕಡೆಯ ಕೂಟಗಳು ನಾಕೌಟ್. ಒಂದು ಸೋತರೆ ಮುಗಿಯಿತು. 16 ತಂಡಗಳಿದ್ದರೆ ಕಪ್ಪಿಗೆ ಸಾಲಾಗಿ ನಾಲ್ಕು ಪಂದ್ಯ ಗೆಲ್ಲಬೇಕು. ಹತ್ತು ಪಂದ್ಯ ಆಡಿದರೆ ಆರು ಗೆಲ್ಲುವಂಥ ಗಟ್ಟಿ ತಂಡ ಅಂತಲೇ ಇಟ್ಟುಕೊಳ್ಳಿ. 0.6 ಅನ್ನು ನಾಲ್ಕು ಸಲ ಗುಣಿಸಿದರೆ ಬರುವುದು ಸುಮಾರು 0.13. ಎಂಟು ಕೂಟ ಆಡಿದರೆ ಒಂದು ಕಪ್, ಅಷ್ಟೇ. 32 ತಂಡಗಳ ಕೂಟವಾದರೆ 13 ಆಡಿದರೆ ಒಂದು. ನೀವು ಮೂರರಲ್ಲಿ ಎರಡು ಗೆದ್ದಿರಿ. ಚೆನ್ನಾಗಿ ಆಡಿದ್ದೀರಿ, ಅದರಲ್ಲಿ ಅನುಮಾನ ಇಲ್ಲ. ಜೊತೆಗೆ ಅದೃಷ್ಟವೂ ನಿಮ್ಮ ಕಡೆ ಇತ್ತು. ಊರವರು ಆ ಡಿಸೆಂಬರ್ ಅನ್ನೇ ಅಳತೆಗೋಲು ಮಾಡಿಕೊಂಡರು.

ಹಾಗಂತ ಎಲ್ಲವನ್ನೂ ಅದೃಷ್ಟದ ತಲೆಗೆ ಕಟ್ಟುವುದೂ ಸರಿಯಲ್ಲ. ಅದೇ ಗಟ್ಟಿ ತಂಡ ಒಂದು ಕೂಟದಲ್ಲಿ ಎರಡನೇ ಸುತ್ತು ದಾಟದೇ ಇರುವ ಸಾಧ್ಯತೆ ನೂರಕ್ಕೆ 64. ಏಳು ಕೂಟಗಳಲ್ಲಿ ಬೆನ್ನು ಬೆನ್ನಿಗೆ ಹಾಗಾಗುವುದು ನೂರಕ್ಕೆ 4 ಮಾತ್ರ. ಅಪರೂಪ. ಹತ್ತರಲ್ಲಿ ಆರರ ಬದಲು ಐದು ಗೆಲ್ಲುವ ಮಟ್ಟಕ್ಕೆ ತಂಡ ಇಳಿದಿದ್ದರೆ ಆ 4 ಹೋಗಿ 13 ಆಗುತ್ತದೆ. ಆದ್ದರಿಂದ ಜನವರಿಯಲ್ಲಿ ಏನೋ ಒಂದು ನಿಜವಾಗಿಯೂ ಬದಲಾಗಿದೆ. ತುಂಬಾ ದೊಡ್ಡದಲ್ಲ, ಹತ್ತಕ್ಕೆ ಒಂದು ಪಂದ್ಯದಷ್ಟು. ಅದನ್ನು ಹುಡುಕಲು ನಿಮ್ಮ ಪುಸ್ತಕವೇ ಸಾಕಾಯಿತು.

ಜನವರಿಯ ಒಂದು ಪುಟ ನನ್ನ ಮುಂದೆ ಇದೆ. 6 ಓವರ್ ಪಂದ್ಯ, ಎದುರಾಳಿ 61 ರನ್. ನೀವು 56. ಐದು ರನ್ನಿಗೆ ಸೋತಿದ್ದೀರಿ. ಪೆನ್ಸಿಲ್‌ನಲ್ಲಿ ಬರೆದ ಆರನೇ ಓವರ್ ಚೌಕದಲ್ಲಿ ಜಾಗ ಸಾಲದೆ ಸ್ಕೋರರ್ ಕೆಳಗಿನ ಗೆರೆಗೆ ಇಳಿದಿದ್ದಾನೆ. ಆರು ಚೆಂಡು ಮುಗಿಯಲು ನಿಮ್ಮವರು ಹತ್ತು ಚೆಂಡು ಹಾಕಿದ್ದಾರೆ. ಆ ಪಂದ್ಯದಲ್ಲಿ ಒಟ್ಟು 11 ವೈಡ್. ಅಂದರೆ 11 ರನ್ ಪುಕ್ಕಟೆ, ಮೇಲೆ ಹೊಡೆಯಲು 11 ಚೆಂಡು ಜಾಸ್ತಿ. 36 ಚೆಂಡಿನ ಪಂದ್ಯದಲ್ಲಿ ಇದು ಹೆಚ್ಚುಕಡಿಮೆ ಎರಡು ಓವರ್! ಸೋತ ಉಳಿದ ಪಂದ್ಯಗಳನ್ನೂ ನೋಡಿದೆ. ಏಳರಲ್ಲಿ ನಾಲ್ಕು ಪಂದ್ಯ ಹತ್ತರೊಳಗಿನ ರನ್ನಿನಿಂದ ಕೈಬಿಟ್ಟಿವೆ. ಆ ನಾಲ್ಕರಲ್ಲೂ ವೈಡ್, ನೋ ಬಾಲ್ ಆರಕ್ಕಿಂತ ಕಡಿಮೆ ಇಲ್ಲ. ನವೆಂಬರ್, ಡಿಸೆಂಬರ್‌ನ ಪಂದ್ಯಗಳಲ್ಲಿ ಅದು ಎರಡೋ ಮೂರೋ ಇತ್ತು.

ಬ್ಯಾಟಿಂಗ್ ಬಿದ್ದಿಲ್ಲ. ನೀವು ಹೊಡೆದ ರನ್ ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ. ಬಿದ್ದಿರುವುದು ಬೌಲಿಂಗ್. ಏಕೆ ಅಂತ ನಿಮಗೆ ಫೋನ್ ಮಾಡಿ ಕೇಳಿದಾಗ ನೀವೇ ಹೇಳಿದಿರಿ, ಮುಖ್ಯ ಬೌಲರ್‌ಗಳಿಬ್ಬರು ಬೆಂಗಳೂರಿನಲ್ಲಿ ಹೋಟೆಲ್ ಕೆಲಸಕ್ಕಿದ್ದಾರೆ, ದೀಪಾವಳಿಗೆ ಬಂದವರು ಡಿಸೆಂಬರ್ ಮುಗಿಸಿಕೊಂಡು ಹೋದರು ಅಂತ. ನೋಡಿ, ಉತ್ತರ ಅಲ್ಲೇ ಇತ್ತು. ಅವರು ಇದ್ದಾಗ ಆರರಲ್ಲಿ ನಾಲ್ಕು ಓವರ್ ಅವರ ಕೈಯಲ್ಲಿತ್ತು. ಹೋದ ಮೇಲೆ ಆ ನಾಲ್ಕು ಓವರ್‌ಗಳನ್ನು ಐದು ಬೇರೆ ಬೇರೆ ಹುಡುಗರಿಗೆ ಹಂಚಿದ್ದೀರಿ. ಅವರಲ್ಲಿ ಯಾರೂ ನೆಟ್ಸ್‌ನಲ್ಲಿ ಸರಿಯಾಗಿ ಬೌಲಿಂಗ್ ಮಾಡಿದವರಲ್ಲ. ಸಂಜೆ ಅಭ್ಯಾಸ ಅಂದರೆ ನಮ್ಮಲ್ಲಿ ಎಲ್ಲರಿಗೂ ಬ್ಯಾಟೇ ಬೇಕು, ಅಲ್ವಾ?

ಹಾಗಾಗಿ ನಾಯಕನ ವಿಷಯ ಬಿಟ್ಟುಬಿಡಿ. ಮೂವರು ನಾಯಕರು ಬಂದರೂ ವೈಡ್ ಕಡಿಮೆ ಆಗಲಿಲ್ಲ. ಯಾಕೆಂದರೆ ಮೂವರ ಕೈಯಲ್ಲಿದ್ದ ಬೌಲರ್‌ಗಳು ಅವರೇ. ಮೊದಲನೆಯ ನಾಯಕನನ್ನು ಇಳಿಸಿದ್ದಕ್ಕೆ ಅವನಿಗೆ ನೋವಾಗಿದ್ದರೆ ಅವನ ಮನೆಗೆ ಹೋಗಿ ಒಂದು ಮಾತು ಆಡಿ ಬನ್ನಿ. ಹಳ್ಳಿ ತಂಡದಲ್ಲಿ ಇಂಥ ನೋವು ಎರಡು ಮೂರು ವರ್ಷ ಒಳಗೇ ಕೊಳೆಯುತ್ತದೆ. ಆಮೇಲೆ ಊರಲ್ಲಿ ಎರಡು ತಂಡ ಆಗುತ್ತದೆ.

ಜೆರ್ಸಿ ಬಗ್ಗೆ ಹೇಳುವವರ ನಂಬಿಕೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಸೀಸನ್ ಶುರುವಿನಲ್ಲಿ ದೇವಸ್ಥಾನದಲ್ಲಿ ಬ್ಯಾಟಿಗೆ ಹೂವು ಇಟ್ಟು ಪೂಜೆ ಮಾಡಿಸಿದರೆ ಹುಡುಗರಿಗೆ ಧೈರ್ಯ ಬರುತ್ತದೆ. ಮಾಡಿಸಿ. ಆದರೆ ಜೆರ್ಸಿ ಬಂದ ವಾರವೇ ಇಬ್ಬರು ಬೌಲರ್‌ಗಳು ಬೆಂಗಳೂರು ಬಸ್ಸು ಹತ್ತಿದರು ಅನ್ನೋದನ್ನೂ ಅವರಿಗೆ ಹೇಳಿ. ಇನ್ನೊಂದು 15,000 ಕೊಟ್ಟು ಬೇರೆ ಬಣ್ಣದ ಜೆರ್ಸಿ ಹೊಲಿಸುವುದು ಬೇಡ.

ಈಗ ಆ ಹುಡುಗ. ಪುಸ್ತಕದ ಪ್ರಕಾರ ನವೆಂಬರ್, ಡಿಸೆಂಬರ್‌ನಲ್ಲಿ ಅವನು ನಿಮಗಾಗಿ ಹಾಕಿದ್ದು 24 ಓವರ್. ಎರಡು ತಿಂಗಳಿಗೆ ಇದು ಏನೂ ಅಲ್ಲ ಅನ್ನಿಸುತ್ತದೆ. ಆದರೆ ನಾನು ಅವನ ಹತ್ತಿರ ಫೋನಿನಲ್ಲಿ ಮಾತಾಡಿದೆ. ಸಂಕೋಚದ ಹುಡುಗ. ನಿಧಾನಕ್ಕೆ ಕೇಳಿದ ಮೇಲೆ ಒಂದೊಂದಾಗಿ ಹೇಳಿದ. ಡಿಸೆಂಬರ್‌ನಲ್ಲಿ ಬೇರೆ ಊರಿನ ತಂಡಗಳಿಗೆ ಅತಿಥಿ ಆಟಗಾರನಾಗಿ ನಾಲ್ಕು ಕೂಟ ಆಡಿದ್ದಾನೆ. ಅಲ್ಲಿ 30 ಓವರ್. ಒಂದು ವಾರಾಂತ್ಯ ಶನಿವಾರ ರಾತ್ರಿ ಒಂದು ಕಡೆ, ಭಾನುವಾರ ಇನ್ನೊಂದು ಕಡೆ, ಒಟ್ಟು ಒಂಬತ್ತು ಪಂದ್ಯ, 18 ಓವರ್. ಅದರ ಹಿಂದಿನ ವಾರ ಅವನು ಹಾಕಿದ್ದು ಬರೀ ನಾಲ್ಕು. ಇದರ ಮೇಲೆ ದಿನಾ ಸಂಜೆ ಗದ್ದೆಯಲ್ಲಿ ಲೆಕ್ಕ ಇಲ್ಲದಷ್ಟು ಚೆಂಡು. ಈ ಓವರ್‌ಗಳು ಯಾವ ಪುಸ್ತಕದಲ್ಲೂ ಇಲ್ಲ. ಅವನ ಬೆನ್ನಿನಲ್ಲಿವೆ.

ವೇಗದ ಬೌಲರ್‌ಗಳ ಗಾಯದ ಬಗ್ಗೆ ಆಸ್ಟ್ರೇಲಿಯಾದಲ್ಲಿ ಬಹಳ ಅಧ್ಯಯನ ನಡೆದಿದೆ. ಅದರಿಂದ ಗೊತ್ತಾಗಿರುವ ಒಂದು ವಿಷಯ ನಮ್ಮ ಹಳ್ಳಿ ತಂಡಗಳಿಗೂ ತುಂಬಾ ಮುಖ್ಯ. ಒಂದೇ ಸಲಕ್ಕೆ ಓವರ್ ಜಾಸ್ತಿ ಮಾಡಿದರೆ ತೊಂದರೆ ಅವತ್ತೇ ಕಾಣುವುದಿಲ್ಲ. ಮುಂದಿನ ಮೂರು ನಾಲ್ಕು ವಾರಗಳಲ್ಲಿ ಕಾಣುತ್ತದೆ. ಡಿಸೆಂಬರ್‌ನಲ್ಲಿ ಹಾಕಿದ್ದು, ಜನವರಿಯಲ್ಲಿ ನೋವು. ಲೆಕ್ಕ ಸರಿಯಾಗಿ ಕೂಡುತ್ತದೆ.

17 ವರ್ಷಕ್ಕೆ ಬೆನ್ನುಮೂಳೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ವೇಗವಾಗಿ ಹಾಕುವವನು ಪ್ರತಿ ಚೆಂಡಿಗೂ ಬೆನ್ನನ್ನು ಹಿಂದಕ್ಕೆ ಬಾಗಿಸಿ, ಪಕ್ಕಕ್ಕೆ ತಿರುಚಿ, ಮುಂಗಾಲನ್ನು ಜೋರಾಗಿ ಊರುತ್ತಾನೆ. ಇದು ಮತ್ತೆ ಮತ್ತೆ ಆದಾಗ ಸೊಂಟದ ಹತ್ತಿರದ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬರಬಹುದು. ಬಲಗೈ ಬೌಲರ್‌ಗೆ ಅದು ಸಾಮಾನ್ಯವಾಗಿ ಎಡಗಡೆ ಬರುತ್ತದೆ. ನಿಮ್ಮ ಹುಡುಗ ಬಲಗೈ, ನೋವು ಎಡಗಡೆ ಅಂದ. ಹಿಂದಕ್ಕೆ ಬಾಗಿದರೆ ಜಾಸ್ತಿ ಅಂದ. ನಾನು ಡಾಕ್ಟರ್ ಅಲ್ಲ, ಇದು ಬಿರುಕೇ ಅಂತ ಹೇಳುವ ಅಧಿಕಾರ ನನಗಿಲ್ಲ. ಆದರೆ ಈ ಎರಡು ಮಾತು ಕೇಳಿದ ಮೇಲೆ ನನಗೆ ನಿದ್ದೆ ಬರಲಿಲ್ಲ.

ಡಾಕ್ಟರ ಹತ್ತಿರ ಹೋದಾಗ "ವೇಗದ ಬೌಲಿಂಗ್ ಮಾಡುತ್ತಾನೆ, ಎರಡು ತಿಂಗಳಿಂದ ನೋವಿದೆ" ಅಂತ ಮರೆಯದೆ ಹೇಳಿ. ಸುಮ್ನೆ ಸೊಂಟ ನೋವು ಅಂದರೆ ಮಾತ್ರೆ ಬರೆದುಕೊಟ್ಟು ಕಳಿಸಬಹುದು. ಶುರುವಿನ ಬಿರುಕು ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದೇ ಇಲ್ಲ. ಎಂಆರ್‌ಐ ಬೇಕಾ ಅಂತ ನೀವೇ ಕೇಳಿ. ಬಿರುಕು ಇದೆ ಅಂತಾದರೆ ಕೆಲವು ತಿಂಗಳು ಬೌಲಿಂಗ್ ನಿಲ್ಲಿಸಬೇಕಾಗುತ್ತದೆ. ಬೇಗ ಗೊತ್ತಾದರೆ ಹೆಚ್ಚಿನ ಹುಡುಗರಿಗೆ ಪೂರ್ತಿ ವಾಸಿಯಾಗುತ್ತದೆ, ಮತ್ತೆ ಮೊದಲಿನ ಹಾಗೇ ಹಾಕುತ್ತಾರೆ. ನೋವಿನ ಮಾತ್ರೆ ನುಂಗಿ ಹಾಕುತ್ತಾ ಹೋದರೆ ಸಣ್ಣ ಬಿರುಕು ದೊಡ್ಡದಾಗುತ್ತದೆ. ಎಲ್ಲ ಸೌಲಭ್ಯ ಇರುವ ಜಸ್‌ಪ್ರೀತ್ ಬುಮ್ರಾ ಅವರೇ ಬೆನ್ನಿನ ತೊಂದರೆಯಿಂದ 2022ರ ಟಿ20 ವಿಶ್ವಕಪ್ ಆಡಲಾಗಲಿಲ್ಲ, 2023ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನಮ್ಮ ಹುಡುಗನಿಗೆ ಸ್ಪ್ರೇ ಡಬ್ಬಿ ಸಾಕು ಅಂದುಕೊಳ್ಳುವುದು ಹೇಗೆ?

ನನ್ನ ತಪ್ಪನ್ನೂ ಹೇಳಬೇಕು. ತರಬೇತಿ ಶುರು ಮಾಡಿದ ಹೊಸತರಲ್ಲಿ 16 ವರ್ಷದ ಒಬ್ಬ ಹುಡುಗ ಸೆಮಿಫೈನಲ್ ದಿನ "ಸರ್, ಬೆನ್ನು ಹಿಡಿದಿದೆ" ಅಂದ. ಫೈನಲ್ ಆದ ಮೇಲೆ ನೋಡೋಣ ಅಂದೆ. ಎರಡು ಪಂದ್ಯ, ನಾಲ್ಕು ಓವರ್. ಅವನು ಆಮೇಲೆ ಎರಡು ಸೀಸನ್ ಚೆಂಡು ಮುಟ್ಟಲಿಲ್ಲ. ಮರಳಿ ಬಂದಾಗ ಆ ವೇಗ ಇರಲಿಲ್ಲ. ಅವನ ಅಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಆ ನೆನಪು ಇವತ್ತಿಗೂ ಹೋಗಿಲ್ಲ.

ಸಾಲದ ವಿಷಯಕ್ಕೆ ಬರುತ್ತೇನೆ. ಸೋತಿದ್ದರಿಂದ ಸಾಲ ಆಯ್ತು ಅಂತ ಊರಲ್ಲಿ ಮಾತಿದೆ ಅಂದಿರಿ. ಹಾಗಲ್ಲ. ಎರಡು ಮೊದಲ ಬಹುಮಾನ, ಒಂದು ಎರಡನೇ ಬಹುಮಾನ ಸೇರಿ ನಿಮಗೆ 80,000 ಬಂದಿದೆ. ಹತ್ತು ಕೂಟಗಳ ಪ್ರವೇಶ ಶುಲ್ಕ, ಗಾಡಿ, ಊಟ ಎಲ್ಲ ಸೇರಿ ಸುಮಾರು 55,000 ಹೋಗಿದೆ. ಉಳಿದಿದ್ದು ಜೆರ್ಸಿಗೆ, ಹೊಸ ಬ್ಯಾಟಿಗೆ, ಮೆರವಣಿಗೆ ಊಟಕ್ಕೆ ಖರ್ಚಾಗಿದೆ. ಆಟದ ಲೆಕ್ಕ ಹೆಚ್ಚುಕಡಿಮೆ ಸರಿಹೋಗಿದೆ. 62,000 ಸಾಲ ಪೂರ್ತಿ ನಿಮ್ಮದೇ ಹೊನಲು ಬೆಳಕಿನ ಪಂದ್ಯಾಟದ್ದು.

ಫೆಬ್ರವರಿ ಅಂದರೆ ನಮ್ಮ ಕಡೆ ಎಲ್ಲ ಒಟ್ಟಿಗೆ ಬರುವ ಕಾಲ. ಜಾತ್ರೆ, ಕೋಲ, ಮೇಳದ ಆಟ, ಮದುವೆ, ಪ್ರತಿ ಶನಿವಾರ ಎರಡು ಮೂರು ಕಡೆ ಕ್ರಿಕೆಟ್ ಕೂಟ. ನಿಮ್ಮ ಕೂಟದ ರಾತ್ರಿಯೇ ಪಕ್ಕದ ಊರಿನಲ್ಲಿ ಯಕ್ಷಗಾನ ಇತ್ತು, ಹತ್ತು ಕಿಲೋಮೀಟರ್ ಆಚೆ ಇನ್ನೊಂದು ಕೂಟ ಇತ್ತು. ಐದು ತಂಡ ಬರಲಿಲ್ಲ, ಜನವೂ ಬರಲಿಲ್ಲ. ಲೈಟು, ಜನರೇಟರ್, ಮೈಕು, ಬಹುಮಾನದ ಹಣಕ್ಕೆ ಇದು ಗೊತ್ತಾಗುವುದಿಲ್ಲ, ಪೂರ್ತಿ ಕೊಡಲೇಬೇಕು. "ಕೊಡುತ್ತೇನೆ" ಅಂದ ದಾನಿಗಳ ಮಾತನ್ನು ಕೈಗೆ ಬಂದ ಹಣ ಅಂತ ಲೆಕ್ಕ ಹಿಡಿದಿದ್ದೀರಿ. ಇನ್ನು ಮೇಲೆ ಬಹುಮಾನದ ಅರ್ಧ ಹಣ ಕೈಗೆ ಬರುವವರೆಗೆ ಪೋಸ್ಟರ್ ಅಚ್ಚು ಹಾಕಿಸಬೇಡಿ. ಪ್ರವೇಶ ಶುಲ್ಕದಲ್ಲಿ ಸ್ವಲ್ಪವನ್ನಾದರೂ ಮುಂಗಡ ತೆಗೆದುಕೊಳ್ಳಿ. ಈಗಿನ ಸಾಲ ಒಬ್ಬರ ಹೆಸರಿನಲ್ಲಿ ಇದ್ದರೆ, ಅದು ಕ್ಲಬ್ಬಿನ ಸಾಲ ಅಂತ ಸಭೆಯಲ್ಲಿ ಬರೆದು ಎಲ್ಲರೂ ಸಹಿ ಹಾಕಿ. ಸಾಲ ಮಾಡಿದವನು ಒಂಟಿಯಾದರೆ ಮೊದಲು ಹೋಗುವುದು ಅವನ ಮನೆಯ ನೆಮ್ಮದಿ.

ಮುಂದಿನ ವರ್ಷಕ್ಕೆ ನಿಮ್ಮ ಮುಂದಿರುವ ದಾರಿಗಳಲ್ಲಿ ಅತಿಥಿ ಆಟಗಾರರದ್ದು ಎಲ್ಲಕ್ಕಿಂತ ಸುಲಭ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡೋಣ. ಪ್ರವೇಶ ಶುಲ್ಕ 3,000, ಗಾಡಿ ಮತ್ತು ಊಟ 2,500, ಬಹುಮಾನ 30,000 ಮತ್ತು 20,000, 16 ತಂಡ. ಹತ್ತರಲ್ಲಿ ಆರು ಗೆಲ್ಲುವ ತಂಡಕ್ಕೆ ಒಂದು ಕೂಟದಿಂದ ಸರಾಸರಿ 5,600 ರೂಪಾಯಿ ಬರುತ್ತದೆ. ಖರ್ಚು 5,500. ಅಲ್ಲಿಗಲ್ಲಿಗೆ. ತಲೆಗೆ 2,000ದಂತೆ ಮೂವರನ್ನು ತಂದರೆ 6,000 ಜಾಸ್ತಿ ಖರ್ಚು. ಅವರಿಂದ ಗೆಲುವು ನೂರಕ್ಕೆ 60ರಿಂದ 65ಕ್ಕೆ ಏರಿದರೂ ಸರಾಸರಿ ಬರುವುದು 7,300. ಅಂದರೆ 6,000 ಹಾಕಿ 1,700 ತೆಗೆದ ಹಾಗೆ. ಹತ್ತು ಕೂಟಕ್ಕೆ 43,000 ರೂಪಾಯಿ ನಷ್ಟ. ಹಣಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಮೂವರು ಒಳಗೆ ಬಂದರೆ ಊರಿನ ಮೂವರು ಹೊರಗೆ ಕೂರುತ್ತಾರೆ. ಪಿಚ್‌ಗೆ ನೀರು ಹಾಕುವವರು, ಚೀಲ ಹೊರುವವರು, ಗದ್ದೆಯ ಕೂಳೆ ಕೀಳುವವರು ಅವರೇ. ಒಂದು ವರ್ಷ ಬೆಂಚಿನ ಮೇಲೆ ಕೂತವನು ಎರಡನೇ ವರ್ಷ ಗದ್ದೆಗೆ ಬರುವುದಿಲ್ಲ.

ಲೆದರ್ ಬಾಲ್ ಬಗ್ಗೆ ಕಾಲೇಜು ಹುಡುಗರ ಆಸೆ ನನಗೆ ಖುಷಿ ಕೊಟ್ಟಿತು. ಅವರ ಕನಸು ಚಿಕ್ಕದಲ್ಲ. ಭಾರತಕ್ಕೆ ಆಡಿದ ಸುನಿಲ್ ಜೋಶಿ ಗದಗಿನಿಂದ ಬೆಳಿಗ್ಗೆ ಎದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮತ್ತೆ ಶಾಲೆಗೆ ಬರುತ್ತಿದ್ದರು. ದಾವಣಗೆರೆಯ ವಿನಯ್ ಕುಮಾರ್ ನಾಯಕತ್ವದಲ್ಲಿ ಕರ್ನಾಟಕ 2013-14 ಮತ್ತು 2014-15ರಲ್ಲಿ ಸಾಲಾಗಿ ರಣಜಿ ಗೆದ್ದಿತು. ಕೆ.ಎಲ್. ರಾಹುಲ್ ಸುರತ್ಕಲ್‌ನಲ್ಲಿ ಬೆಳೆದವರು. ಆದರೆ ಟೆನಿಸ್ ಬಾಲ್‌ನಿಂದ ಲೆದರ್‌ಗೆ ಹೋಗುವುದು ಅಂದರೆ ಚೆಂಡು ಬದಲಿಸುವುದಷ್ಟೇ ಅಲ್ಲ. ಮಾಮೂಲಿ ಟೆನಿಸ್ ಚೆಂಡು 60 ಗ್ರಾಂ ಒಳಗೆ, ಲೆದರ್ ಚೆಂಡು 156ರಿಂದ 163 ಗ್ರಾಂ. ಪ್ಯಾಡ್, ಗಾರ್ಡ್, ಗ್ಲೌಸ್, ಹೆಲ್ಮೆಟ್ ಇಲ್ಲದೆ ಒಂದು ಓವರೂ ಆಡಿಸಬಾರದು. ಗದ್ದೆಯ ಏರುಪೇರಿನ ನೆಲದಲ್ಲಂತೂ ಅದು ಅಪಾಯ, ಮ್ಯಾಟ್ ಬೇಕೇ ಬೇಕು. ಸೇಲಂ ಕಡೆಯ ಹಳ್ಳಿಯ ನಟರಾಜನ್ 20 ವರ್ಷದವರೆಗೆ ಟೆನಿಸ್ ಬಾಲ್ ಆಡಿದವರು. 2015ರಲ್ಲಿ ರಣಜಿಗೆ ಬಂದ ಕೂಡಲೇ ಅವರ ಬೌಲಿಂಗ್ ಶೈಲಿಯ ಬಗ್ಗೆ ಆಕ್ಷೇಪ ಬಂತು. ಟೆನಿಸ್ ಬಾಲ್‌ನಲ್ಲಿ ಮೊಣಕೈ ಮಡಚಿ ಎಸೆದರೂ ಯಾರೂ ಕೇಳುವುದಿಲ್ಲ, ಅಲ್ಲಿ ಕೇಳುತ್ತಾರೆ. ಅವರು ಕೂತು ತಿದ್ದಿಕೊಂಡು 2020ರ ಡಿಸೆಂಬರ್‌ನಲ್ಲಿ ಭಾರತಕ್ಕೆ ಆಡಿದರು. ಅವರಿಗೆ ತಿದ್ದುವವರು ಸಿಕ್ಕಿದ್ದರು, ಅದು ಮುಖ್ಯ.

ಇಡೀ ಕ್ಲಬ್ಬನ್ನು ಲೆದರ್‌ಗೆ ತಿರುಗಿಸಬೇಡಿ. ಆಸೆ ಇರುವ ಮೂರು ನಾಲ್ಕು ಹುಡುಗರನ್ನು ವಾರಕ್ಕೆ ಎರಡು ದಿನ ಕುಂದಾಪುರಕ್ಕೋ ಉಡುಪಿಗೋ ತರಬೇತಿಗೆ ಕಳಿಸಿ. ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ ಮಂಗಳೂರು ವಲಯದಲ್ಲಿ ಆಡುವ ಕ್ಲಬ್ಬುಗಳಿವೆ. ಅಲ್ಲಿಗೆ ಸೇರಿದರೆ ಅವರಿಗೆ ನಿಜವಾದ ಪಂದ್ಯ ಸಿಗುತ್ತದೆ. ಬಸ್ ಚಾರ್ಜನ್ನು ಕ್ಲಬ್ ಕೊಡಲಿ. ಇನ್ನೊಂದು ಜೆರ್ಸಿ ಹೊಲಿಸುವ ಬದಲು ಆ ಹಣ ಇಲ್ಲಿಗೆ ಹೋಗಲಿ.

ಒಂದು ವರ್ಷ ನಿಲ್ಲಿಸುವುದು ನನಗೆ ಒಪ್ಪಿಗೆ ಇಲ್ಲ. ನಿಮಗೆ ದಣಿವಾಗಿದೆ, ಅದು ಪತ್ರದಲ್ಲೇ ಕಾಣುತ್ತದೆ. ನೀವು ಬೇಕಾದರೆ ಒಂದು ವರ್ಷ ಕಾರ್ಯದರ್ಶಿ ಕೆಲಸ ಬೇರೆಯವರಿಗೆ ಕೊಡಿ. ಕ್ಲಬ್ ನಿಂತರೆ ಮಾತ್ರ ಮೊದಲು ಗದ್ದೆ ಕೈತಪ್ಪುತ್ತದೆ. ಕೊಯ್ಲಾದ ಮೇಲೆ ಗದ್ದೆ ಖಾಲಿ ಇದ್ದರೆ ಯಜಮಾನರು ಉದ್ದೋ ನೆಲಗಡಲೆಯೋ ಬಿತ್ತುತ್ತಾರೆ. ಅದು ಅವರ ಹಕ್ಕು. ಒಂದು ವರ್ಷ ಒಳ್ಳೆಯ ಬೆಳೆ ಬಂದರೆ ಮರುವರ್ಷ ಗದ್ದೆ ಕೇಳುವುದು ಹೇಗೆ? ನಿಲ್ಲಿಸದಿದ್ದರೂ ಕೊಯ್ಲಿಗೆ ಮೊದಲೇ ಅವರ ಮನೆಗೆ ಹೋಗಿ ಮಾತಾಡಿ. ಹೋದ ವರ್ಷ ಮುರಿದ ಗದ್ದೆಯಂಚನ್ನು ಕಟ್ಟಿಕೊಡಿ. ಬಾಟಲಿ, ಪ್ಲಾಸ್ಟಿಕ್ ಒಂದನ್ನೂ ಬಿಡದೆ ಹೆಕ್ಕಿ. ಮುಂದೆ ನಾಟಿಗೆ ಇಳಿಯುವವರ ಕಾಲು ಅದು.

ನಿಮ್ಮ ಪತ್ರದಲ್ಲಿ ಇಲ್ಲದ, ನನಗೆ ಹೆಚ್ಚು ಸರಿ ಅನ್ನಿಸುವ ದಾರಿ ಇನ್ನೊಂದಿದೆ. ಸುತ್ತಲಿನ ಐದು ಊರಿನ ಕ್ಲಬ್ಬುಗಳನ್ನು ಕರೆದು ಒಂದು ಲೀಗ್ ಮಾಡಿ. ಆರು ತಂಡ, ಪ್ರತಿಯೊಬ್ಬರೂ ಪ್ರತಿಯೊಬ್ಬರ ಎದುರು ಒಂದು ಸಲ. ಒಟ್ಟು 15 ಪಂದ್ಯ. ಭಾನುವಾರಕ್ಕೆ ಮೂರರಂತೆ ಐದು ಭಾನುವಾರದಲ್ಲಿ ಮುಗಿಯುತ್ತದೆ. ಹಗಲಲ್ಲೇ ಆಡಿದರೆ ಲೈಟು ಬೇಡ, ಜನರೇಟರ್ ಬೇಡ. ಪ್ರತಿ ತಂಡದಿಂದ 1,500 ತೆಗೆದುಕೊಂಡರೆ ಚೆಂಡು, ಅಂಪೈರ್, ಮಜ್ಜಿಗೆ, ಒಂದು ಸಣ್ಣ ಟ್ರೋಫಿಗೆ ಸಾಕು. 12 ಓವರ್ ಆಡಿ. ಆರು ಓವರ್ ಆಟದಲ್ಲಿ ಮೂವರು ಬೌಲರ್‌ಗಳಲ್ಲೇ ಕೆಲಸ ಮುಗಿಯುತ್ತದೆ. 12 ಓವರ್ ಆದರೆ, ಒಬ್ಬನಿಗೆ ಹೆಚ್ಚೆಂದರೆ ಎರಡು ಅಂತ ನಿಯಮ ಇಟ್ಟರೆ, ಆರು ಜನ ಹಾಕಲೇಬೇಕು. ಡಿಸೆಂಬರ್ ಮುಗಿದು ಆ ಇಬ್ಬರು ಬೆಂಗಳೂರಿಗೆ ಹೋದ ಮೇಲೂ ಊರಲ್ಲೇ ಬೌಲರ್‌ಗಳು ತಯಾರಾಗುತ್ತಾರೆ. ಸೋತವನಿಗೂ ಮುಂದಿನ ಭಾನುವಾರ ಪಂದ್ಯ ಇರುತ್ತದೆ. ಹುಡುಗರು ಆಟ ಕಲಿಯುವುದು ಹೀಗೆ.

ಇದರಲ್ಲೂ ತೊಂದರೆ ಇದೆ. ಮೂರನೇ ವಾರಕ್ಕೆ ತಳದಲ್ಲಿರುವ ತಂಡ ಬರುವುದಿಲ್ಲ ಅನ್ನಬಹುದು. ಅದಕ್ಕೆ ಮೊದಲೇ ಠೇವಣಿ ಇಟ್ಟುಕೊಳ್ಳಿ, ಎಲ್ಲ ಪಂದ್ಯ ಆಡಿದವರಿಗೆ ಮರಳಿಸಿ. ದೊಡ್ಡ ಕೂಟದ ಗದ್ದಲ, ವೀಕ್ಷಕ ವಿವರಣೆ, ರಾತ್ರಿಯ ಲೈಟು ಇದರಲ್ಲಿ ಇರುವುದಿಲ್ಲ. ಹುಡುಗರಿಗೆ ಅದೂ ಬೇಕು. ಹಾಗಾಗಿ ಹತ್ತು ಕೂಟದ ಬದಲು ಮೂರೋ ನಾಲ್ಕೋ ಆರಿಸಿ ಆಡಿ, ಅದೂ ಬೆಂಗಳೂರಿನವರು ಊರಲ್ಲಿರುವ ನವೆಂಬರ್, ಡಿಸೆಂಬರ್‌ನಲ್ಲಿ. ಲೀಗ್ ಜನವರಿಯಿಂದ ಫೆಬ್ರವರಿ. ಏಪ್ರಿಲ್‌ಗೆ ಎಳೆಯಬೇಡಿ. ಆಗ ಸಂಜೆ ಗುಡುಗು ಶುರುವಾಗುತ್ತದೆ, ಬಯಲು ಗದ್ದೆ ಅಪಾಯ. ಎಂದಾದರೂ ಆಟದ ನಡುವೆ ಗುಡುಗಿದರೆ ಎಲ್ಲರೂ ಒಳಗೆ ಹೋಗಿ, ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬೇಡಿ. ಮರದ ಕೆಳಗೆ ಮಾತ್ರ ನಿಲ್ಲಬೇಡಿ.

ಅಭ್ಯಾಸದಲ್ಲಿ ಒಂದೇ ಒಂದು ಬದಲಾವಣೆ ಹೇಳುತ್ತೇನೆ. ದಿನಾ ಮೊದಲ 20 ನಿಮಿಷ ಬ್ಯಾಟ್ಸ್‌ಮನ್ ಇಲ್ಲದೆ ಬೌಲಿಂಗ್. ಸ್ಟಂಪಿನ ಬುಡದಿಂದ ಒಂದೂವರೆ ಬ್ಯಾಟ್ ಮುಂದೆ ಎರಡು ಚಪ್ಪಲಿ ಇಡಿ. ಒಬ್ಬೊಬ್ಬನಿಗೆ 12 ಚೆಂಡು, ಎಷ್ಟು ಚಪ್ಪಲಿಯ ನಡುವೆ ಬಿತ್ತು ಅಂತ ಬರೆಯಿರಿ. ಮೊದಲ ವಾರ ಮೂರು ಬೀಳುತ್ತದೆ. ಎರಡು ತಿಂಗಳಲ್ಲಿ ಏಳೆಂಟು ಬೀಳುವ ಹುಡುಗರು ಇಬ್ಬರು ಸಿಕ್ಕರೂ ಆ 11 ವೈಡ್‌ನ ಪುಟ ಮತ್ತೆ ಬರುವುದಿಲ್ಲ. ಇದಕ್ಕೆ ಎತ್ತರ ಬೇಡ, ವೇಗ ಬೇಡ. ಇವತ್ತು ಬರೀ ಫೀಲ್ಡಿಂಗ್ ನಿಲ್ಲುತ್ತಿರುವ ಯಾವನೋ ಒಬ್ಬ ಅಲ್ಲಿ ಸಿಗುತ್ತಾನೆ.

ಕೊನೆಗೆ ಮತ್ತೆ ಅದೇ ಹುಡುಗ. ಬೌಲಿಂಗ್ ನಿಲ್ಲಿಸು ಅಂದರೆ ಅವನು ಗದ್ದೆಗೆ ಬರುವುದನ್ನೇ ನಿಲ್ಲಿಸಬಹುದು ಅನ್ನುವ ಭಯ ನನಗಿದೆ. ಫೋನಿನಲ್ಲಿ "ಹಾಕದಿದ್ದರೆ ನನ್ನನ್ನು ಯಾಕೆ ಕರೆಯುತ್ತಾರೆ ಸರ್" ಅಂದ. ಅದಕ್ಕೆ ಒಂದು ಕೇಳಿಕೆ. ಡಾಕ್ಟರ್ ಸರಿ ಅನ್ನುವವರೆಗೆ ಸ್ಕೋರ್ ಪುಸ್ತಕ ಅವನ ಕೈಗೆ ಕೊಡಿ. ಅದರ ಕೊನೆಯ ಪುಟದಲ್ಲಿ ಪ್ರತಿ ಬೌಲರ್ ಹೆಸರಿಗೂ ಒಂದು ಗೆರೆ ಎಳೆಯಲಿ. ಪಂದ್ಯದಲ್ಲಿ ಎಷ್ಟು, ಅಭ್ಯಾಸದಲ್ಲಿ ಎಷ್ಟು, ಬೇರೆ ಊರಿಗೆ ಆಡಿದ್ದು ಎಷ್ಟು, ವಾರ ವಾರ ಬರೆಯಲಿ. ಚಪ್ಪಲಿ ಎಣಿಸುವ ಕೆಲಸವೂ ಅವನದೇ ಆಗಲಿ. ಡಾಕ್ಟರ್ ಏನಂದರು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.